ಹರಿದಿದ್ದಾ, ಕೊಯ್ದಿದ್ದಾ?

ಮೇ ತಿಂಗಳ ಬಳ್ಳಾರಿಯಲ್ಲಿ, ಒಳಗೆ ಅಂಗಾಂಶದ ಚೂರು ಹುದುಗಿಸಿದ ಮೇಣದ ಬ್ಲಾಕ್ ಕೊಯ್ಯುವುದು ಅಂದರೆ ಬಿಸಿಲಲ್ಲಿ ಕೂತು ಬೆಣ್ಣೆ ಹೆಚ್ಚಿದ ಹಾಗೆ. ಪ್ಯಾರಾಫಿನ್ ಮೇಣ ಕರಗುವುದು 56 ಡಿಗ್ರಿ ಮೇಲೆ, ನಿಜ. ಆದರೆ ಕೋಣೆಯೇ 38 ಇದ್ದರೆ ಕೊಯ್ದು ಬರುವ 5 ಮೈಕ್ರಾನ್ ತೆಳು ಪಟ್ಟಿ, ಅಂದರೆ ರಿಬ್ಬನ್, ಮುದುಡಿ ಮುದ್ದೆ. ಕಬ್ಬಿನ ಹಾಲಿನ ಗಾಡಿಯವನಿಂದ ಐಸ್ ತಂದು ಅದರ ಮೇಲೆ ಬ್ಲಾಕ್ ಇಡುತ್ತಿದ್ದೆ.

ನಾನು ಹಿಸ್ಟೊಪೆಥಾಲಜಿ ಟೆಕ್ನಿಷಿಯನ್, ಅಂಗಾಂಶ ಕೊಯ್ದು ಬಣ್ಣ ಹಾಕಿ ಸ್ಲೈಡ್ ಮಾಡುವವಳು. ದಿನಾ ನೋಡುವುದು ಮನುಷ್ಯರ ಬಯಾಪ್ಸಿ. ಆ ವರ್ಷ ಸಿರುಗುಪ್ಪ ಕಡೆಯ ಹುಡುಗನೊಬ್ಬ, ಪಿಎಚ್‌ಡಿ ಮಾಡುತ್ತಿದ್ದವನು, ಫಾರ್ಮಾಲಿನ್ ಬಾಟಲಿಗಳನ್ನು ತಂದಿಟ್ಟ. "ಅಕ್ಕಾ, ಇಲಿ ಬಾಲದ ಅಪಧಮನಿ. ಒಳಗಿನ ಇಲಾಸ್ಟಿಕ್ ಪದರ ಎಷ್ಟು ಕಡೆ ಹರಿದಿದೆ, ಎಣಿಸಿಕೊಡಿ."

ಬ್ರೌನ್ ನಾರ್ವೆ ತಳಿಯ ಇಲಿಗಳಲ್ಲಿ ಈ ಪದರ ತಾನಾಗೇ ಹರಿಯುತ್ತದೆ, ಅದು ವಂಶದಲ್ಲೇ ಬರುತ್ತದೆ. 2004ರಲ್ಲಿ ಇಲಿಯ ಜೀನೋಮ್ ಓದಿದ್ದು ಇದೇ ತಳಿಯಿಂದ. ಲಾಂಗ್ ಇವಾನ್ಸ್ ಇಲಿಗಳಲ್ಲಿ ಈ ತೊಂದರೆ ಕಡಿಮೆ. ಎರಡನ್ನೂ ಕೂಡಿಸಿ ಹುಟ್ಟಿದ ಮೊಮ್ಮಕ್ಕಳ ರಕ್ತನಾಳ ಆ ಬಾಟಲಿಗಳಲ್ಲಿತ್ತು. ಮೇಲೆ ಬರೀ ನಂಬರು, ಅದೂ ಪೆನ್ಸಿಲ್‌ನಲ್ಲಿ. ಪೆನ್ನಿನ ಶಾಯಿ ಆಲ್ಕೋಹಾಲ್‌ಗೆ ತೊಳೆದುಹೋಗುತ್ತದೆ.

ಬಣ್ಣಕ್ಕೆ ವೆರ್ಹಾಫ್ ಬಳಸಿದೆ, ಇಲಾಸ್ಟಿಕ್ ಪದರವನ್ನು ಕಪ್ಪಾಗಿ ತೋರಿಸುವ ಬಣ್ಣ ಅದು. ಅವತ್ತಿಂದವತ್ತಿಗೇ ಮಾಡಿಕೊಳ್ಳಬೇಕು, ಹಳೇದು ಹಿಡಿಯಲ್ಲ. ಮೊದಲು ಸ್ಲೈಡೆಲ್ಲ ಕಪ್ಪು. ಆಮೇಲೆ ಹೆಚ್ಚಿನ ಕಪ್ಪು ತೆಗೆಯಲು ಫೆರಿಕ್ ಕ್ಲೋರೈಡ್‌ನಲ್ಲಿ ಅದ್ದಿ ಅದ್ದಿ ನೋಡಬೇಕು. ಸ್ವಲ್ಪ ಜಾಸ್ತಿಯಾದರೆ ಇಲಾಸ್ಟಿಕ್ಕಿನ ಕಪ್ಪೂ ಹೋಗುತ್ತದೆ. ವಾನ್ ಗೀಸನ್ ಅನ್ನುವ ಎರಡನೇ ಬಣ್ಣ ಹಾಕುವ ಮೊದಲೇ ಗೊತ್ತಾದರೆ ಮತ್ತೆ ಬಣ್ಣ ಹಾಕಬಹುದು.

ನಾನು ಸೋತಿದ್ದು ಎಣಿಕೆಯಲ್ಲಿ. ಮೊದಲ ಹತ್ತು ಸ್ಲೈಡಲ್ಲಿ ಎಲ್ಲಿ ನೋಡಿದರೂ ಹರಕು. ಖುಷಿಯಿಂದ ಬರೆದುಕೊಂಡೆ. ರಾತ್ರಿ ಊಟಕ್ಕೆ ಕೂತಾಗ ಮೈದುನನಿಗೆ ಹೇಳಿದೆ. ಅವನು ಜೀನ್ಸ್ ಕಾರ್ಖಾನೆಯಲ್ಲಿ ಕಟಿಂಗ್ ಮಾಸ್ತರ್. ರೊಟ್ಟಿ ಮುರಿಯುತ್ತಲೇ ಅಂದ, "ಕತ್ತರಿ ಕಚ್ಚಿದ್ದೇ ಬೇರೆ, ಎಳೆದು ಹರಿದಿದ್ದೇ ಬೇರೆ ಅತ್ತಿಗೆ. ಅಂಚು ನೋಡಿದ್ರೆ ಸಾಕು."

ಮರುದಿನ ಅಂಚು ನೋಡಿದೆ. ಬದುಕಿದ್ದಾಗಲೇ ಹರಿದ ಕಡೆ ಎರಡು ತುದಿಗಳೂ ಹಿಂದೆ ಸರಿದಿದ್ದವು. ನಡುವೆ ಸ್ನಾಯು ಕೋಶಗಳು ಬಂದು ಗಾಯ ಮುಚ್ಚಿದ್ದವು. ಕೆಳಗಿನ ಸ್ನಾಯು ಪದರ ಇಡಿಯಾಗಿತ್ತು. ಬ್ಲೇಡ್ ಎಳೆದ ಕಡೆ ಪದರ, ಸ್ನಾಯು ಎರಡೂ ಒಂದೇ ಗೆರೆಯಲ್ಲಿ ಸೀಳಿ, ನಡುವೆ ಸುಮ್ನೆ ಖಾಲಿ. ಮೆತ್ತಗಾದ ಮೇಣದ ಕೆಲಸ! ಬ್ಲೇಡ್ ಬದಲಿಸಿ ಮತ್ತೆ ಕೊಯ್ದೆ. 11ನೇ ಬಾಟಲಿಯ ಲೆಕ್ಕ 9 ಇದ್ದದ್ದು 4ಕ್ಕೆ ಇಳಿಯಿತು.

ಇದು ಸಣ್ಣ ವಿಷಯ ಅಲ್ಲ. ಮೆಂಡಲ್‌ನ ಬಟಾಣಿ ಥರ ಇಲ್ಲಿ ಮೂರು-ಒಂದು ಪ್ರಮಾಣದಲ್ಲಿ ಬೇರೆಯಾಗುವುದಿಲ್ಲ. ಕೆಲವಕ್ಕೆ ಸೊನ್ನೆ, ಕೆಲವಕ್ಕೆ ಒಂದೆರಡು, ಕೆಲವಕ್ಕೆ ಮೈತುಂಬ. ಒಂದಕ್ಕಿಂತ ಜಾಸ್ತಿ ಜೀನ್‌ಗಳ ಕೈವಾಡ. ಬೇರೆಯವರು ಮೊದಲೇ 5ನೇ ಕ್ರೋಮೋಸೋಮ್ ಕಡೆ ಬೆರಳು ತೋರಿಸಿದ್ದಾರೆ. ಆ ಜೀನ್‌ಗಳನ್ನು ಹುಡುಕಲು ಈ ಹುಡುಗನ ಕೈಯಲ್ಲಿದ್ದದ್ದು ನನ್ನ ಅಂಕಿ ಮಾತ್ರ ಅಲ್ವಾ?

ಒಂದು ವಾರದ ನಂತರ ಫೋನ್ ಬಂತು. "ಅಕ್ಕಾ, 11ನೇದು ನಾಲ್ಕೇನಾ?"

"ಎರಡು ಸಲ ಎಣಿಸಿದೀನಪ್ಪಾ, ಬರ್ಕೊ."