ಅಮೆರಿಕದ ಊರ ಗ್ರಂಥಾಲಯದಲ್ಲಿ ಉಚಿತ ಉಪನ್ಯಾಸ: ಬೆಂಗಳೂರಿನಿಂದ ಹೋಗುವವರಿಗೆ ಕೆಲವು ಮಾತು

ಬಸವನಗುಡಿಯ ನಮ್ಮ ರಸ್ತೆಯಲ್ಲಿ ಬೇಸಿಗೆ ಬಂತೆಂದರೆ ಒಂದೆರಡು ಮನೆಗಳಿಗಾದರೂ ಬೀಗ ಬೀಳುತ್ತದೆ. ಮಗಳ ಬಾಣಂತನಕ್ಕೆಂದೋ, ಮೊಮ್ಮಕ್ಕಳಿಗೆ ಶಾಲೆಯ ರಜೆ ಎಂದೋ ಹಿರಿಯರು ಆರು ತಿಂಗಳ ಮಟ್ಟಿಗೆ ಅಮೆರಿಕಕ್ಕೆ ಹೊರಡುತ್ತಾರೆ. ಹೊರಡುವ ಮುನ್ನ ನಮ್ಮ ಮನೆಗೆ ಬಂದು ಪ್ರಯಾಣದ ವಿಮೆ, ಮಾತ್ರೆಗಳ ಚೀಟಿ, ಸಾರಿನಪುಡಿಯನ್ನು ಕಟ್ಟುವ ಬಗೆ ಎಲ್ಲವನ್ನೂ ವಿಚಾರಿಸುತ್ತಾರೆ. ಮಕ್ಕಳು ಕೆಲಸಕ್ಕೆ ಹೋದ ಮೇಲೆ ಅಷ್ಟು ಉದ್ದದ ಹಗಲನ್ನು ಕಳೆಯುವುದು ಹೇಗೆ ಎಂದು ಮಾತ್ರ ಯಾರೂ ಕೇಳುವುದಿಲ್ಲ. ಅದು ಅಲ್ಲಿಗೆ ಹೋಗಿ ಮೂರು ವಾರವಾದ ಮೇಲೆ ಹುಟ್ಟುವ ಪ್ರಶ್ನೆ. ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ, ಬಾಸ್ಟನ್ನಿಗೆ ಸಮೀಪದ ಸಣ್ಣ ಊರೊಂದರಲ್ಲಿರುವ ಮಗಳ ಮನೆಗೆ ಮೂರು ಸಲ ಹೋಗಿಬಂದಿರುವ ನನಗೆ ಆ ಪ್ರಶ್ನೆಗೆ ಸಿಕ್ಕ ಉತ್ತರವೆಂದರೆ ಊರಿನ ಸಾರ್ವಜನಿಕ ಗ್ರಂಥಾಲಯ, ಅದರಲ್ಲೂ ಅಲ್ಲಿ ಯಾವ ಶುಲ್ಕವೂ ಇಲ್ಲದೆ ನಡೆಯುವ ಇತಿಹಾಸ ಮತ್ತು ಸಾಹಿತ್ಯದ ಕಾರ್ಯಕ್ರಮಗಳು. ಅಲ್ಲಿಯೇ ನೆಲೆಸಿದ್ದರೂ ಗ್ರಂಥಾಲಯವೆಂದರೆ ಮಕ್ಕಳಿಗೆ ಕಥೆ ಹೇಳುವ ಜಾಗವೆಂದಷ್ಟೇ ತಿಳಿದಿರುವ ಕಿರಿಯರಿಗೂ ಈ ಬರಹ ಉಪಯೋಗವಾಗಲಿ ಎಂಬುದು ನನ್ನ ಆಸೆ.

ಮೊದಲ ಸಲ ಹೋದಾಗ ನಾನು ಸಭಾಂಗಣದ ಬಾಗಿಲಲ್ಲಿ ಬಹಳ ಹೊತ್ತು ನಿಂತೇ ಇದ್ದೆ. ಯಾರೂ ಆಹ್ವಾನಿಸಿಲ್ಲ, ಸದಸ್ಯತ್ವವಿಲ್ಲ, ಆ ದೇಶದ ಪ್ರಜೆಯೂ ಅಲ್ಲ, ಹೀಗಿರುವಾಗ ಒಳಗೆ ಹೋಗಿ ಕೂರುವುದು ಸರಿಯೇ ಎಂಬ ಸಂಕೋಚ ಕಾಡುತ್ತಿತ್ತು. ಉಚಿತ ಉಪನ್ಯಾಸವೆಂಬುದು ಬೆಂಗಳೂರಿನವರಿಗೆ ಹೊಸದೇನಲ್ಲ. ಡಿ.ವಿ.ಜಿ.ಯವರು 1945ರಲ್ಲಿ ಸ್ಥಾಪಿಸಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ, ಅದೇ ವರ್ಷ ಬಿ.ಪಿ. ವಾಡಿಯಾ ಅವರು ಆರಂಭಿಸಿದ ವರ್ಲ್ಡ್ ಕಲ್ಚರ್ ಸಂಸ್ಥೆ, ನೃಪತುಂಗ ರಸ್ತೆಯಲ್ಲಿರುವ 1909ರ ಮಿಥಿಕ್ ಸೊಸೈಟಿ, ಚಾಮರಾಜಪೇಟೆಯ ಸಾಹಿತ್ಯ ಪರಿಷತ್ತು, ಇವುಗಳ ಸಭೆಗಳಲ್ಲಿ ಕುಳಿತೇ ನಮ್ಮ ತಲೆಮಾರು ಬೆಳೆದಿದೆ. ಆದರೆ ಅವೆಲ್ಲ ದೊಡ್ಡ ಮನಸ್ಸಿನ ವ್ಯಕ್ತಿಗಳೂ ಅವರ ಸುತ್ತ ಸೇರಿದ ಸದಸ್ಯರೂ ಕಟ್ಟಿ ಉಳಿಸಿಕೊಂಡು ಬಂದ ಸಂಸ್ಥೆಗಳಾದ್ದರಿಂದ, ನಾವು ಅಲ್ಲಿಗೆ ಹೋಗುವಾಗ ಮನಸ್ಸಿನಲ್ಲಿರುವುದು ಋಣದ ಭಾವ. ಅಮೆರಿಕದ ಊರ ಗ್ರಂಥಾಲಯದ ಆಧಾರ ಬೇರೆ. ಅದನ್ನು ಅರಿತುಕೊಂಡರೆ ಬಾಗಿಲಲ್ಲಿ ನಿಲ್ಲುವ ಸಂಕೋಚ ತಾನಾಗಿಯೇ ಹೋಗುತ್ತದೆ.

ಆ ದೇಶದಲ್ಲಿ ಊರಿನ ತೆರಿಗೆಯಿಂದ ಎಲ್ಲರಿಗಾಗಿ ಗ್ರಂಥಾಲಯ ನಡೆಸುವ ಪದ್ಧತಿಗೆ ನ್ಯೂ ಹ್ಯಾಂಪ್‌ಷೈರಿನ ಪೀಟರ್‌ಬರೋ ಎಂಬ ಪುಟ್ಟ ಊರು 1833ರಲ್ಲೇ ನಾಂದಿ ಹಾಡಿತು. ಬಾಸ್ಟನ್ ಸಾರ್ವಜನಿಕ ಗ್ರಂಥಾಲಯ 1848ರಲ್ಲಿ ಸ್ಥಾಪನೆಯಾಗಿ 1854ರಲ್ಲಿ ಓದುಗರಿಗೆ ತೆರೆಯಿತು. ಕೋಪ್ಲೆ ಚೌಕದಲ್ಲಿರುವ ಅದರ 1895ರ ಕಟ್ಟಡದ ಬಾಗಿಲ ಮೇಲೆ ‘ಎಲ್ಲರಿಗೂ ಉಚಿತ’ ಎಂಬ ಅರ್ಥದ ಮಾತನ್ನು ಕಲ್ಲಿನಲ್ಲಿ ಕೆತ್ತಿದ್ದಾರೆ. ಮುಂದೆ ಉಕ್ಕಿನ ಉದ್ಯಮಿ ಆಂಡ್ರ್ಯೂ ಕಾರ್ನೆಗಿಯವರ ಹಣದಿಂದ ಅಮೆರಿಕದಲ್ಲಿ 1,689 ಗ್ರಂಥಾಲಯ ಕಟ್ಟಡಗಳು ಎದ್ದವು. ಅವರು ಹಾಕುತ್ತಿದ್ದ ಷರತ್ತು ಗಮನಿಸಬೇಕಾದುದು: ಜಾಗವನ್ನು ಊರೇ ಕೊಡಬೇಕು, ಕೊಟ್ಟ ಹಣದ ಹತ್ತನೆಯ ಒಂದು ಭಾಗದಷ್ಟನ್ನು ಪ್ರತಿ ವರ್ಷ ನಿರ್ವಹಣೆಗಾಗಿ ಊರೇ ತೆಗೆದಿಡಬೇಕು. ದಾನಿಯು ಕಟ್ಟಡ ಕೊಟ್ಟರೂ ಗ್ರಂಥಾಲಯ ಊರಿನದಾಗಿಯೇ ಉಳಿಯಲಿ ಎಂಬ ಎಚ್ಚರ ಅದರಲ್ಲಿತ್ತು. ಇಂದಿಗೂ ಈ ಗ್ರಂಥಾಲಯಗಳ ಖರ್ಚಿನ ಬಹುಭಾಗ ಬರುವುದು ಸ್ಥಳೀಯ ತೆರಿಗೆಯಿಂದ, ಅನೇಕ ಕಡೆ ಆಸ್ತಿ ತೆರಿಗೆಯಿಂದ. ನಿಮ್ಮ ಮಗನೋ ಮಗಳೋ ಬಾಡಿಗೆ ಮನೆಯಲ್ಲಿದ್ದರೂ, ಮನೆಯ ಮಾಲೀಕರು ಕಟ್ಟುವ ಆ ತೆರಿಗೆ ಬಾಡಿಗೆಯೊಳಗೇ ಸೇರಿಕೊಂಡಿರುತ್ತದೆ. ಆದ್ದರಿಂದ ಸಭೆಯಲ್ಲಿ ನಿಮ್ಮ ಕುರ್ಚಿಯ ಬೆಲೆಯನ್ನು ನಿಮ್ಮ ಮನೆಯವರು ಆಗಲೇ ಕೊಟ್ಟಾಗಿದೆ. ಇದನ್ನು ಬರೆಯುವಾಗ ನಮ್ಮೂರಿನ ಲೆಕ್ಕವೂ ನೆನಪಾಗುತ್ತದೆ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಪ್ರಕಾರ ನಾವೂ ಆಸ್ತಿ ತೆರಿಗೆಯೊಂದಿಗೆ ನೂರಕ್ಕೆ 6ರಂತೆ ಗ್ರಂಥಾಲಯ ಕರವನ್ನು ಕಟ್ಟುತ್ತೇವೆ. ಬಡಾವಣೆಯ ಶಾಖಾ ಗ್ರಂಥಾಲಯದಲ್ಲಿ ಒಂದು ಉಪನ್ಯಾಸವನ್ನು ಕೇಳುವ ಹಕ್ಕು ನಮಗೂ ಇದೆ ಎಂದು ನಾನು ನಂಬಿದ್ದೇನೆ.

ಗ್ರಂಥಾಲಯಗಳು ಸ್ಥಳೀಯವಾದ್ದರಿಂದ ಇಡೀ ದೇಶಕ್ಕೆ ಅನ್ವಯಿಸುವ ಒಂದೇ ನಿಯಮವಾಗಲಿ, ಒಂದೇ ಕಾರ್ಯಕ್ರಮ ಪಟ್ಟಿಯಾಗಲಿ ಇಲ್ಲ. ಕೆಲವೆಡೆ ಊರಿಗೊಂದು ಗ್ರಂಥಾಲಯ, ಕೆಲವೆಡೆ ಇಡೀ ಕೌಂಟಿಗೆ, ಅಂದರೆ ನಮ್ಮ ಜಿಲ್ಲೆಯಂಥ ಆಡಳಿತ ವಿಭಾಗಕ್ಕೆ, ಒಂದು ವ್ಯವಸ್ಥೆ. ನ್ಯೂಯಾರ್ಕ್ ನಗರದಲ್ಲಂತೂ ಬ್ರೂಕ್ಲಿನ್‌ಗೆ ಒಂದು, ಕ್ವೀನ್ಸ್‌ಗೆ ಒಂದು, ಉಳಿದ ಮೂರು ಭಾಗಗಳಿಗೆ ಮತ್ತೊಂದು ಹೀಗೆ ಮೂರು ಪ್ರತ್ಯೇಕ ಸಂಸ್ಥೆಗಳಿವೆ. ಮೊದಲು ಮಾಡಬೇಕಾದ ಕೆಲಸ, ನಿಮ್ಮ ಮನೆಯ ವಿಳಾಸ ಯಾವ ಗ್ರಂಥಾಲಯದ ವ್ಯಾಪ್ತಿಗೆ ಬರುತ್ತದೆ ಎಂದು ತಿಳಿದು, ಅದರ ಜಾಲತಾಣದಲ್ಲಿ ಕಾರ್ಯಕ್ರಮಗಳ ಪುಟವನ್ನು ನೋಡುವುದು. ನಮ್ಮ ಪತ್ರಿಕೆಗಳ ‘ನಗರದಲ್ಲಿ ಇಂದು’ ಅಂಕಣವನ್ನು ಬೆಳಗಿನ ಕಾಫಿಯೊಂದಿಗೆ ನೋಡುವವರಿಗೆ ಈ ಪುಟ ಬೇಗ ಒಗ್ಗುತ್ತದೆ. ಜಾಲತಾಣ ಕಷ್ಟವೆನಿಸಿದರೆ ಅನೇಕ ಗ್ರಂಥಾಲಯಗಳಲ್ಲಿ ತಿಂಗಳ ಪಟ್ಟಿಯನ್ನು ಮುದ್ರಿಸಿ ಕೌಂಟರಿನ ಬಳಿ ಇಟ್ಟಿರುತ್ತಾರೆ. ಪಟ್ಟಿಯಲ್ಲಿ ವಯಸ್ಕರಿಗೆಂದು ಗುರುತು ಮಾಡಿದ ಕಾರ್ಯಕ್ರಮಗಳನ್ನು ಹುಡುಕಿರಿ. ಕೆಲವಕ್ಕೆ ನೇರವಾಗಿ ಹೋಗಬಹುದು. ಕೆಲವಕ್ಕೆ ಹೆಸರು, ಇಮೇಲ್ ಕೊಟ್ಟು ಮುಂಚೆಯೇ ನೋಂದಾಯಿಸಬೇಕು. ನೋಂದಾಯಿಸಿದ ಮೇಲೆ ಹೋಗಲಾಗದಿದ್ದರೆ ದಯವಿಟ್ಟು ರದ್ದು ಮಾಡಿರಿ, ಏಕೆಂದರೆ ನಿಮ್ಮ ಹಿಂದೆ ಕಾಯುವವರ ಪಟ್ಟಿ ಇರಬಹುದು.

ಉಪನ್ಯಾಸ ಕೇಳಲು ಸಾಮಾನ್ಯವಾಗಿ ಗ್ರಂಥಾಲಯದ ಕಾರ್ಡ್ ಬೇಕಾಗುವುದಿಲ್ಲ. ಪುಸ್ತಕವನ್ನು ಮನೆಗೆ ತರಲು ಬೇಕು. ಅದಕ್ಕೆ ಗುರುತಿನ ಚೀಟಿಯೂ ಅಲ್ಲಿನ ವಿಳಾಸಕ್ಕೆ ಪುರಾವೆಯೂ ಅಗತ್ಯ. ನೆಲೆಸಿದವರಿಗೆ ಇದು ಸುಲಭ, ಆರು ತಿಂಗಳಿಗೆ ಹೋದವರು ಪಾಸ್‌ಪೋರ್ಟ್ ತೋರಿಸಿ ತಮ್ಮ ಸ್ಥಿತಿಯನ್ನು ವಿವರಿಸಿ ಕೇಳಬೇಕು. ತಾತ್ಕಾಲಿಕ ಕಾರ್ಡ್ ಕೊಡುವ ಊರುಗಳೂ ಇವೆ, ಕೊಡದ ಊರುಗಳೂ ಇವೆ. ಕೊಡದಿದ್ದರೆ ಮಗಳ ಕಾರ್ಡಿನಲ್ಲಿ ತರಿಸಿಕೊಂಡರಾಯಿತು. ಯಾರು ಯಾವ ಪುಸ್ತಕ ಪಡೆದರು ಎಂಬ ದಾಖಲೆಯನ್ನು ಗೋಪ್ಯವಾಗಿಡಬೇಕೆಂಬ ಕಾನೂನು ಬಹುತೇಕ ಎಲ್ಲ ರಾಜ್ಯಗಳಲ್ಲಿದೆ ಎಂಬುದನ್ನು, ಪರದೇಶದಲ್ಲಿ ಹೆಸರು ಬರೆಸಲು ಹಿಂಜರಿಯುವವರಿಗಾಗಿ ಇಲ್ಲಿ ಹೇಳುತ್ತಿದ್ದೇನೆ.

ಇನ್ನು ಕಾರ್ಯಕ್ರಮಗಳ ವಿಚಾರ. ಇತಿಹಾಸವೆಂದರೆ ಅಲ್ಲಿ ಬಹುಮಟ್ಟಿಗೆ ಆ ಊರಿನ ಇತಿಹಾಸ: ಹಳೆಯ ಗಿರಣಿ, ರೈಲು ಹಳಿ, ಸ್ಮಶಾನದ ಕಲ್ಲುಗಳು, ಮುಚ್ಚಿಹೋದ ಶಾಲೆ. ಮೊದಲಿಗೆ ಇವು ನಮಗೆ ಸಂಬಂಧಪಡದ ವಿಷಯಗಳೆಂದು ತೋರುವುದು ಸಹಜ. ನಾನು ಕೇಳಿದ ಒಂದು ಉಪನ್ಯಾಸ ಬಾಸ್ಟನ್ ಸುತ್ತಲಿನ ಕೊಳಗಳ ಮಂಜುಗಡ್ಡೆಯ ವ್ಯಾಪಾರದ ಬಗ್ಗೆ ಇತ್ತು. ಚಳಿಗಾಲದಲ್ಲಿ ಹೆಪ್ಪುಗಟ್ಟಿದ ಕೊಳಗಳನ್ನು ಗರಗಸದಿಂದ ಕೊಯ್ದು, ಮರದ ಹೊಟ್ಟಿನಲ್ಲಿ ಮುಚ್ಚಿ ಹಡಗಿಗೆ ತುಂಬುತ್ತಿದ್ದರಂತೆ. ಫ್ರೆಡರಿಕ್ ಟ್ಯೂಡರ್ ಎಂಬ ವ್ಯಾಪಾರಿ 1833ರಲ್ಲಿ 180 ಟನ್ ಮಂಜುಗಡ್ಡೆಯನ್ನು ಬಾಸ್ಟನ್ನಿನಿಂದ ಕಲ್ಕತ್ತೆಗೆ ಕಳಿಸಿದ್ದು, ನಾಲ್ಕು ತಿಂಗಳ ಪಯಣದಲ್ಲಿ ಎರಡು ಸಲ ಸಮಭಾಜಕ ವೃತ್ತವನ್ನು ದಾಟಿಯೂ ಸುಮಾರು 100 ಟನ್ ಕರಗದೆ ತಲುಪಿದ್ದು, ಇವನ್ನೆಲ್ಲ ಅಲ್ಲಿನ ಇತಿಹಾಸಾಸಕ್ತರೊಬ್ಬರು ಚಿತ್ರಗಳ ಸಹಿತ ವಿವರಿಸುತ್ತಿದ್ದಂತೆ ನನಗೆ ಮದರಾಸಿನ ಐಸ್ ಹೌಸ್ ಕಣ್ಣ ಮುಂದೆ ಬಂತು. ಪ್ರಶ್ನೆಗಳ ವೇಳೆಯಲ್ಲಿ ಎದ್ದುನಿಂತು, ಅದೇ ಮಂಜುಗಡ್ಡೆಯನ್ನು ಇಡಲು ಕಟ್ಟಿದ ದುಂಡನೆಯ ಕಟ್ಟಡ ಮದರಾಸಿನ ಕಡಲ ದಂಡೆಯಲ್ಲಿ ಇಂದಿಗೂ ನಿಂತಿದೆ, ಅಮೆರಿಕದಿಂದ ಮರಳಿದ ಸ್ವಾಮಿ ವಿವೇಕಾನಂದರು 1897ರಲ್ಲಿ ಅಲ್ಲಿಯೇ ತಂಗಿದ್ದರು ಎಂದು ಹೇಳಿದೆ. ಸಭೆ ಮುಗಿದ ಮೇಲೆ ನಾಲ್ಕೈದು ಮಂದಿ ನನ್ನ ಬಳಿ ಬಂದು ವಿವರ ಕೇಳಿದರು, ಉಪನ್ಯಾಸಕರು ಬರೆದುಕೊಂಡರು. ತಮ್ಮ ಊರಿನ ಕೊಳದ ನೀರು ಹೋಗಿ ಸೇರಿದ ಕಡೆಯಿಂದ ಒಬ್ಬರು ಬಂದು ತಮ್ಮ ನಡುವೆ ಕುಳಿತಿದ್ದಾರೆ ಎಂಬ ಸಂತೋಷ ಅವರ ಮುಖದಲ್ಲಿತ್ತು. ಅಂದಿನಿಂದ ಸ್ಥಳೀಯ ಇತಿಹಾಸವನ್ನು ಸಣ್ಣ ವಿಷಯವೆಂದು ನಾನು ಕಡೆಗಣಿಸಿಲ್ಲ.

ಭಾರತೀಯರ ವಲಸೆಯ ಇತಿಹಾಸವನ್ನು ತಿಳಿಯಬೇಕೆನ್ನುವವರು ಮೇ ತಿಂಗಳ ಪಟ್ಟಿಯನ್ನು ತಪ್ಪದೆ ನೋಡಬೇಕು, ಏಕೆಂದರೆ ಅದು ಏಷ್ಯಾ ಮೂಲದವರ ಪರಂಪರೆಗೆ ಮೀಸಲಾದ ತಿಂಗಳು. ಕ್ಯಾಲಿಫೋರ್ನಿಯಾದ ಸ್ಟಾಕ್ಟನ್ನಿನಲ್ಲಿ 1912ರಲ್ಲೇ ಗುರುದ್ವಾರ ಕಟ್ಟಿದ ಪಂಜಾಬಿ ರೈತರು, ಭಾರತೀಯರು ಪೌರತ್ವಕ್ಕೆ ಅರ್ಹರಲ್ಲವೆಂದು 1923ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟ ಭಗತ್ ಸಿಂಗ್ ತಿಂಡ್ ಪ್ರಕರಣ, ಆ ಬಾಗಿಲನ್ನು ಮತ್ತೆ ತೆರೆದ 1946ರ ಕಾಯ್ದೆ, ಹುಟ್ಟಿದ ದೇಶವನ್ನು ನೋಡಿ ವಲಸೆಗೆ ಮಿತಿ ಹಾಕುತ್ತಿದ್ದ ಹಳೆಯ ಪದ್ಧತಿಯನ್ನು ಕೈಬಿಟ್ಟ 1965ರ ವಲಸೆ ಕಾನೂನು, ಇವುಗಳನ್ನು ತಿಳಿಯದೆ ನಮ್ಮ ಮಕ್ಕಳು ಅಲ್ಲಿ ಉದ್ಯೋಗ ಮಾಡುತ್ತಿರುವ ಹಿನ್ನೆಲೆ ಅರ್ಥವಾಗುವುದಿಲ್ಲ. ಫೆಬ್ರವರಿಯಲ್ಲಿ ಕಪ್ಪು ಜನರ ಇತಿಹಾಸದ ಕಾರ್ಯಕ್ರಮಗಳು ನಡೆಯುತ್ತವೆ. 1965ರ ಆ ಕಾನೂನು ಅವರ ನಾಗರಿಕ ಹಕ್ಕುಗಳ ಹೋರಾಟದ ಕಾಲದಲ್ಲೇ, ಅದರ ನೈತಿಕ ಬಲದಿಂದಲೇ ಬಂದದ್ದರಿಂದ ಅವುಗಳಿಗೂ ನಮ್ಮವರು ಹೋಗಬೇಕೆಂಬುದು ನನ್ನ ವಿನಂತಿ.

ಸಾಹಿತ್ಯದ ಕಡೆ ಹೆಚ್ಚು ಸಾಮಾನ್ಯವಾದದ್ದು ಪುಸ್ತಕ ಚರ್ಚೆಯ ಕೂಟ. ತಿಂಗಳಿಗೊಂದು ಪುಸ್ತಕ ಗೊತ್ತುಮಾಡಿ, ಹಲವು ಪ್ರತಿಗಳನ್ನು ಗ್ರಂಥಾಲಯವೇ ತರಿಸಿಡುತ್ತದೆ. ಹತ್ತು ಹದಿನೈದು ಮಂದಿ ಸುತ್ತ ಕುಳಿತು ಮಾತಾಡುತ್ತಾರೆ. ವಿಮರ್ಶಕರಾಗಿರಬೇಕಿಲ್ಲ, ಓದಿರಬೇಕು ಅಷ್ಟೆ. ಅವರ ಉಚ್ಚಾರಣೆ ನಮಗೆ, ನಮ್ಮದು ಅವರಿಗೆ ತಿಳಿಯಲು ಒಂದೆರಡು ಸಭೆ ಹಿಡಿಯುತ್ತದೆ. ಇಡೀ ಊರು ಒಂದೇ ಪುಸ್ತಕವನ್ನು ಓದುವ ಯೋಜನೆ 1998ರಲ್ಲಿ ಸಿಯಾಟಲ್ ಗ್ರಂಥಾಲಯದಲ್ಲಿ ಆರಂಭವಾಗಿ ದೇಶದ ತುಂಬ ಹಬ್ಬಿದೆ. ನಿಮ್ಮ ಊರಿನಲ್ಲಿ ಅದು ನಡೆಯುವ ಕಾಲಕ್ಕೆ ನೀವಿದ್ದರೆ ಆ ಪುಸ್ತಕವನ್ನು ಓದಿರಿ, ಬಸ್ ನಿಲ್ದಾಣದಲ್ಲಿಯೂ ಮಾತಿಗೆ ವಸ್ತು ಸಿಗುತ್ತದೆ. ಏಪ್ರಿಲ್ ಕಾವ್ಯದ ತಿಂಗಳು. ಯಾರು ಬೇಕಾದರೂ ಮೂರು ನಾಲ್ಕು ನಿಮಿಷ ಕವಿತೆ ಓದಬಹುದಾದ ಸಂಜೆಗಳಲ್ಲಿ ಕನ್ನಡದ ಪದ್ಯವೊಂದನ್ನು ಕನ್ನಡದಲ್ಲೇ ಓದಿ, ಅದರ ಅರ್ಥವನ್ನು ಇಂಗ್ಲಿಷಿನಲ್ಲಿ ಹೇಳಬಹುದೇ ಎಂದು ಮೊದಲೇ ಕೇಳಿಕೊಳ್ಳಿರಿ.

ನಡವಳಿಕೆಯ ವಿಷಯದಲ್ಲಿ ಹೆಚ್ಚು ಹೇಳಬೇಕಿಲ್ಲ. ಹೇಳಿದ ವೇಳೆಗೆ ಸರಿಯಾಗಿ ಆರಂಭವಾಗುತ್ತದೆ. ಅಧ್ಯಕ್ಷ ಭಾಷಣ, ಹಾರ, ಶಾಲು ಇರುವುದಿಲ್ಲ. ಪ್ರಶ್ನೆ ಒಂದೇ ಇರಲಿ, ಚಿಕ್ಕದಿರಲಿ. ಕಿವಿ ಮಂದವಾಗಿರುವವರು, ಗಾಲಿ ಕುರ್ಚಿಯವರು ಹಿಂಜರಿಯಬೇಕಿಲ್ಲ. 1990ರ ಅಂಗವಿಕಲರ ಕಾಯ್ದೆಯ ಪ್ರಕಾರ ಸೂಕ್ತ ಅನುಕೂಲ ಒದಗಿಸುವುದು ಗ್ರಂಥಾಲಯದ ಕರ್ತವ್ಯ, ಮುಂಚೆ ತಿಳಿಸಬೇಕಷ್ಟೆ. ಕಾರು ಓಡಿಸಲಾಗದ ಹಿರಿಯರು ಹಗಲಿನ ಕಾರ್ಯಕ್ರಮಗಳನ್ನು ಆರಿಸಿಕೊಳ್ಳಲಿ; ಹಿಮ ಬೀಳುವ ತಿಂಗಳುಗಳಲ್ಲಿ ಮನೆಯಿಂದಲೇ ಕೇಳಲು ಆನ್‌ಲೈನ್ ಉಪನ್ಯಾಸಗಳೂ ಇರುತ್ತವೆ. ಯಾವುದೇ ಗೊಂದಲವಿದ್ದರೂ ವಿಚಾರಣೆಯ ಮೇಜಿನಲ್ಲಿರುವ ಗ್ರಂಥಪಾಲಕರನ್ನು ಕೇಳಿರಿ. ಬೆಂಗಳೂರಿನಲ್ಲಿ ತಮ್ಮ ಕೊನೆಯ ವರ್ಷಗಳನ್ನು ಕಳೆದ ಗ್ರಂಥಾಲಯ ವಿಜ್ಞಾನಿ ಎಸ್.ಆರ್. ರಂಗನಾಥನ್ ಅವರು 1931ರಲ್ಲಿ ಮುಂದಿಟ್ಟ ಗ್ರಂಥಾಲಯದ ಐದು ಸೂತ್ರಗಳಲ್ಲಿ ನಾಲ್ಕನೆಯದು ಓದುಗರ ಸಮಯವನ್ನು ಉಳಿಸಬೇಕೆಂಬುದು. ಆ ಸೂತ್ರ ನಿತ್ಯದ ಕೆಲಸವಾಗಿರುವುದನ್ನು ನಾನು ಆ ಮೇಜಿನಲ್ಲಿ ಕಂಡೆ.

ಅಲ್ಲಿಯೇ ನೆಲೆಸಿರುವವರು ಕೇಳುಗರಾಗಿ ಮಾತ್ರ ಉಳಿಯಬೇಕಿಲ್ಲ. ಅನೇಕ ಉಪನ್ಯಾಸಗಳಿಗೆ ಹಣ ಹೊಂದಿಸುವುದು ‘ಗ್ರಂಥಾಲಯದ ಗೆಳೆಯರು’ ಎಂಬ ಸ್ವಯಂಸೇವಕರ ಬಳಗ. ಅವರು ಹಳೆಯ ಪುಸ್ತಕಗಳನ್ನು ಮಾರಿ ಕೂಡಿಸಿದ ಹಣ ಅದು. ಆ ಬಳಗ ಸೇರಲು ವರ್ಷಕ್ಕೆ ಸಣ್ಣ ಮೊತ್ತ ಸಾಕಾಗುತ್ತದೆ. ಗ್ರಂಥಾಲಯದ ಸಭಾಕೊಠಡಿಯನ್ನು ಲಾಭದ ಉದ್ದೇಶವಿಲ್ಲದ ಸಂಘಗಳಿಗೆ ಬಹಳಷ್ಟು ಕಡೆ ಉಚಿತವಾಗಿ ಕೊಡುತ್ತಾರೆ. ಪ್ರವೇಶ ಶುಲ್ಕವಿರಬಾರದು, ಎಲ್ಲರಿಗೂ ತೆರೆದಿರಬೇಕು ಎಂಬ ಷರತ್ತುಗಳಿರುತ್ತವೆ. ಕನ್ನಡ ಕೂಟಗಳು ಶಾಲೆಯ ಸಭಾಂಗಣಕ್ಕೆ ಬಾಡಿಗೆ ಕೊಟ್ಟು ಯುಗಾದಿ, ರಾಜ್ಯೋತ್ಸವ ಮಾಡುವುದರ ಜೊತೆಗೆ, ವರ್ಷಕ್ಕೊಮ್ಮೆಯಾದರೂ ಈ ಕೊಠಡಿಯಲ್ಲಿ ವಚನಗಳ ಬಗ್ಗೆಯೋ ಹಂಪಿಯ ಬಗ್ಗೆಯೋ ಊರಿನವರಿಗಾಗಿ ಒಂದು ಸಂಜೆ ಏರ್ಪಡಿಸಬೇಕು. ಕಾರ್ಯಕ್ರಮಗಳನ್ನು ಬಹಳ ಮುಂಚೆಯೇ ಗೊತ್ತುಮಾಡುವುದರಿಂದ ನವೆಂಬರಿನ ಸಂಜೆಗೆ ಬೇಸಿಗೆಯಲ್ಲೇ ಪತ್ರ ಬರೆಯುವುದು ಲೇಸು.

ಕೊನೆಯದಾಗಿ, ಅನೇಕ ಗ್ರಂಥಾಲಯಗಳಲ್ಲಿ ಸ್ಥಳೀಯ ಇತಿಹಾಸದ ಕೋಣೆಯೊಂದಿದ್ದು, ಅಲ್ಲಿ ಹಳೆಯ ನಕ್ಷೆ, ಪತ್ರಿಕೆ, ಕುಟುಂಬಗಳ ಪತ್ರಗಳು, ಛಾಯಾಚಿತ್ರಗಳನ್ನು ಕಾಪಾಡುತ್ತಾರೆ. ಮುಂದಿನ ಉಪನ್ಯಾಸಗಳು ಹುಟ್ಟುವುದು ಆ ಕಾಗದಗಳಿಂದ. ಹಲವು ದಶಕಗಳ ಹಿಂದೆ ಹೋಗಿ ನೆಲೆಸಿದ ಕನ್ನಡಿಗರ ಮನೆಗಳಲ್ಲಿ ಕೈಬರಹದ ಆಹ್ವಾನ ಪತ್ರಿಕೆಗಳು, ಮೊದಲ ಗಣೇಶನ ಹಬ್ಬದ ಚಿತ್ರಗಳು, ಕೂಟದ ಲೆಕ್ಕದ ಪುಸ್ತಕಗಳು ಪೆಟ್ಟಿಗೆಗಳಲ್ಲಿ ಉಳಿದಿವೆ. ಮನೆ ಬದಲಿಸುವಾಗ ಅವು ಕಸಕ್ಕೆ ಹೋಗುತ್ತಿವೆ. ಆ ಕೋಣೆಯ ಗ್ರಂಥಪಾಲಕರನ್ನು ಕಂಡು ಅವನ್ನು ಸ್ವೀಕರಿಸುವರೇ ಎಂದು ಕೇಳಿರಿ. ಸ್ವೀಕರಿಸಿದರೆ ಒಂದು ದಾನಪತ್ರಕ್ಕೆ ಸಹಿ ಹಾಕಬೇಕಾಗುತ್ತದೆ. ಕೊಡುವ ಮುನ್ನ ಪ್ರತಿ ಚಿತ್ರದ ಹಿಂದೆ ಮೆತ್ತನೆಯ ಪೆನ್ಸಿಲಿನಲ್ಲಿ, ಎಡದಿಂದ ಬಲಕ್ಕೆ ನಿಂತವರ ಹೆಸರು, ಸ್ಥಳ, ವರ್ಷಗಳನ್ನು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆದುಕೊಡಿರಿ.