ಗ್ಯಾಸ್ ಕಾರು ಐಡ್ಲಿಂಗ್‌ನಲ್ಲಿ ನಿಂತುಹೋಗುತ್ತಿದೆಯೇ? ಟ್ಯಾಪೆಟ್ ನೋಡಿದಿರಾ?

ಗ್ಯಾಸ್ ಕಿಟ್ ಹಾಕಿದ ಕಾರು ಬಿಸಿಯಾದ ಮೇಲೆ ಐಡ್ಲಿಂಗ್‌ನಲ್ಲಿ ಆಫ್ ಆಗುತ್ತಿದ್ದರೆ ಮೊದಲು ಟ್ಯಾಪೆಟ್ ಗ್ಯಾಪ್, ಅಂದರೆ ವಾಲ್ವ್‌ಗೂ ಅದನ್ನು ಒತ್ತುವ ಭಾಗಕ್ಕೂ ನಡುವಿನ ಸಣ್ಣ ಸಂದು, ನೋಡಬೇಕು ಎಂದು ನಾನು ಹೇಳಿದಾಗ ಕೋಲಾರದ ನಮ್ಮ ಮೆಕ್ಯಾನಿಕ್ ಕಸುಬಿನವರೇ ನಕ್ಕಿದ್ದರು. “ಟ್ಯಾಪೆಟ್ ಹಾಳಾಗಿದ್ದರೆ ಟಕಟಕ ಶಬ್ದ ಬರಬೇಕಲ್ಲಣ್ಣ, ಇದು ಎಷ್ಟು ಮೆತ್ತಗೆ ಓಡುತ್ತಿದೆ ನೋಡಿ” ಎಂಬುದು ಅವರ ವಾದ. ಗ್ಯಾಪ್ ಹೆಚ್ಚಾದರೆ ಶಬ್ದ ಬರುತ್ತದೆ, ನಿಜ. ಮುಚ್ಚಿಹೋದರೆ ಯಾವ ಶಬ್ದವೂ ಇರುವುದಿಲ್ಲ, ಎಂಜಿನ್ ಮೆತ್ತಗೆ ಓಡುತ್ತಲೇ ಕೈಕೊಡುತ್ತದೆ.

ಕಾರು ಟೊಮೆಟೊ ಮಂಡಿಯ ವ್ಯಾಪಾರಿಯೊಬ್ಬರದು. ಎಂಪಿಎಫ್‌ಐ (ಇಂಜೆಕ್ಟರ್‌ನಿಂದ ಪೆಟ್ರೋಲ್ ಸಿಂಪಡಿಸುವ ವ್ಯವಸ್ಥೆ) ಇರುವ ಹಳೆಯ ನಾಲ್ಕು ಸಿಲಿಂಡರ್ ಹ್ಯಾಚ್‌ಬ್ಯಾಕ್, ಎಲ್‌ಪಿಜಿ ಕಿಟ್, ಓಡಿದ್ದು ಲಕ್ಷದ ಮೇಲೆ. ಬೆಳಿಗ್ಗೆ ಒಂದೇ ಸೆಲ್ಫ್‌ಗೆ ಸ್ಟಾರ್ಟ್ ಆಗುತ್ತಿತ್ತು. ನರಸಾಪುರದ ಕಡೆ ಹೋಗಿ ಬಂದು ಎಪಿಎಂಸಿ ಗೇಟಿನ ಲಾರಿ ಸಾಲಿನಲ್ಲಿ ನಿಲ್ಲಿಸಿದರೆ ಆರ್‌ಪಿಎಂ 600ರ ಕೆಳಗಿಳಿದು, ನಡುಗಿ, ನಿಂತುಹೋಗುತ್ತಿತ್ತು. ಎಸಿ ಹಾಕಿದ್ದರೆ ಅಷ್ಟೂ ಹೊತ್ತು ತಾಳುತ್ತಿರಲಿಲ್ಲ. ನನ್ನ ಬಳಿ ಬರುವ ಹೊತ್ತಿಗೆ ಅವರು ಹದಿನಾಲ್ಕು ಸಾವಿರದಷ್ಟು ಕಳೆದಿದ್ದರು. ಥ್ರಾಟಲ್ ಬಾಡಿ ಕ್ಲೀನಿಂಗ್, ಐಡ್ಲಿಂಗ್‌ನಲ್ಲಿ ಗಾಳಿ ಹೊಂದಿಸುವ ಹೊಸ ಐಎಸಿ ವಾಲ್ವ್, ಪ್ಲಗ್, ಕಾಯಿಲ್, ಕೊನೆಗೆ ಪೆಟ್ರೋಲ್ ತಳ್ಳುವ ಫ್ಯೂಯಲ್ ಪಂಪ್. ಕೊನೆಯ ಗ್ಯಾರೇಜಿನವರು ಎಂಜಿನ್ನಿನ ಕಂಪ್ಯೂಟರ್ ಆದ ಇಸಿಎಂ ಬದಲಿಸಲು ಹದಿನೆಂಟು ಸಾವಿರ ಕೇಳಿದ್ದರಂತೆ. ಸ್ಕ್ಯಾನರ್‌ನಲ್ಲಿ ಒಂದು ದೋಷದ ಕೋಡೂ ಇರಲಿಲ್ಲ. ಕೋಡ್ ಇಲ್ಲದಿದ್ದರೆ ಇಸಿಎಂ ಮೇಲೆ ಹೊರಿಸುವುದು ಈಗಿನ ಸಂಪ್ರದಾಯ.

ಪೆಟ್ರೋಲಿಗೆ ತಿರುಗಿಸಿ ನೋಡಿದೆ, ಅದರಲ್ಲೂ ಅದೇ ಕಥೆ. ಹಾಗಾಗಿ ಗ್ಯಾಸಿನ ಒತ್ತಡ ಇಳಿಸುವ ರೆಡ್ಯೂಸರ್, ಗ್ಯಾಸ್ ಟ್ಯೂನಿಂಗ್ ತಂಟೆಗೆ ಹೋಗಲಿಲ್ಲ. ಆಮೇಲೆ ಗಾಳಿ ಸೋರಿಕೆ ಹುಡುಕಿದೆ. ಇಲ್ಲಿ ನನ್ನದೊಂದು ಹುಚ್ಚು ಪ್ರಯೋಗವಿದೆ: ಪೇಂಟ್ ಡಬ್ಬಿಯಲ್ಲಿ ಕೆಂಡ, ಮೇಲೆ ಸಾಂಬ್ರಾಣಿ, ಮುಚ್ಚಳಕ್ಕೆ ಎರಡು ನಳಿಕೆ, ಸೈಕಲ್ ಪಂಪಿನಿಂದ ಮೆಲ್ಲಗೆ ಗಾಳಿ. ಆ ಹೊಗೆಯನ್ನು ಆಫ್ ಆಗಿರುವ, ತಣ್ಣಗಿನ ಎಂಜಿನ್ನಿಗೆ ಗಾಳಿ ಒಯ್ಯುವ ಮ್ಯಾನಿಫೋಲ್ಡಿಗೆ ಬಿಟ್ಟರೆ ಬಿರುಕು ಎಲ್ಲಿದೆಯೋ ಅಲ್ಲಿ ಎದ್ದು ಬರುತ್ತದೆ. ಸಾವಿರಾರು ರೂಪಾಯಿಯ ಸ್ಮೋಕ್ ಮಷೀನಿನ ಕೆಲಸ ಐವತ್ತು ರೂಪಾಯಿಗೆ. ಗ್ಯಾರೇಜು ಮಾತ್ರ ಸಂಜೆಯವರೆಗೆ ದೇವಸ್ಥಾನದ ವಾಸನೆ ಹೊಡೆಯುತ್ತದೆ. ಎಂಜಿನ್ನೊಳಗಿನ ಆವಿಯನ್ನು ಮ್ಯಾನಿಫೋಲ್ಡಿಗೆ ಎಳೆಯುವ ಪಿಸಿವಿ ಹೋಸ್‌ನಲ್ಲಿ ಸಣ್ಣ ಬಿರುಕು ಸಿಕ್ಕಿತು, ಬದಲಿಸಿದೆ. ಕಾರು ಆಫ್ ಆಗುವುದು ನಿಲ್ಲಲಿಲ್ಲ. ಸುಟ್ಟ ಹೊಗೆಯನ್ನು ಸ್ವಲ್ಪ ಎಂಜಿನ್ನಿಗೇ ಮರಳಿಸುವ ಇಜಿಆರ್‌ನಲ್ಲಿ ಕಾರ್ಬನ್ ಇರಬಹುದೆಂದು ಅದಕ್ಕೆ ತಗಡಿನ ಗ್ಯಾಸ್ಕೆಟ್ ಅಡ್ಡವಿಟ್ಟು ಓಡಿಸಿದ್ದೂ ವ್ಯರ್ಥ, ಆ ತಗಡನ್ನು ತೆಗೆದುಹಾಕಿದೆ.

ದಾರಿ ತೋರಿಸಿದ್ದು ಮ್ಯಾನಿಫೋಲ್ಡಿನ ಎಳೆತ ಅಳೆಯುವ ವ್ಯಾಕ್ಯೂಮ್ ಗೇಜ್. ಪುಸ್ತಕಗಳಲ್ಲಿ ಐಡ್ಲಿಂಗ್‌ಗೆ 18ರಿಂದ 21 ಇಂಚು (ಪಾದರಸದ ಲೆಕ್ಕದಲ್ಲಿ) ಎಂದಿರುತ್ತದೆ, ಅದು ಸಮುದ್ರ ಮಟ್ಟದ ಲೆಕ್ಕ. ಸಾವಿರ ಅಡಿ ಏರಿದಂತೆ ಹೆಚ್ಚುಕಡಿಮೆ ಒಂದು ಇಂಚು ಇಳಿಯುತ್ತದೆ. ಕೋಲಾರ ಸುಮಾರು 2,700 ಅಡಿ ಎತ್ತರದಲ್ಲಿದೆ, ಆದ್ದರಿಂದ ನಮ್ಮಲ್ಲಿ 16, 17 ಬಂದರೆ ಆರೋಗ್ಯ. ಈ ಕಾರು ತಣ್ಣಗಿದ್ದಾಗ 15ರ ಆಸುಪಾಸು ತೋರಿಸಿತು. ಬಿಸಿಯಾದ ಮೇಲೆ 12ಕ್ಕೆ ಇಳಿದು, ಮುಳ್ಳು ಒಂದೇ ಲಯದಲ್ಲಿ ಕೆಳಕ್ಕೆ ಜಿಗಿಯತೊಡಗಿತು. ಎಕ್ಸಲರೇಟರ್ ಕೊಟ್ಟರೆ ಎಲ್ಲ ಸರಿ.

ಕಾಸಿಲ್ಲದ ಪರೀಕ್ಷೆ ಇನ್ನೊಂದಿದೆ. ಸೈಲೆನ್ಸರ್ ಬಾಯಿಗೆ ಒಂದು ಬಸ್ ಟಿಕೆಟ್ ಹಿಡಿದೆ. ಹೊರಕ್ಕೆ ಹಾರುತ್ತಲೇ ಇರಬೇಕಾದ ಕಾಗದ ಆಗಾಗ ಒಳಕ್ಕೆ ಎಳೆದುಕೊಂಡು ಅಂಟುತ್ತಿತ್ತು. ಎಕ್ಸಾಸ್ಟ್ ವಾಲ್ವ್ ಪೂರ್ತಿ ಮುಚ್ಚುತ್ತಿಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ? ಬೇಕು ಎಂದರು ಪಕ್ಕದ ಗ್ಯಾರೇಜಿನವರು. ಅವರೆದುರಿಗೇ ಸಿಲಿಂಡರಿನ ಒತ್ತಡ ಅಳೆಯುವ ಕಂಪ್ರೆಷನ್ ಗೇಜ್ ಹಾಕಿದೆ. ತಣ್ಣಗಿದ್ದಾಗ ನಾಲ್ಕರಲ್ಲೂ ಚದರ ಸೆಂಟಿಮೀಟರಿಗೆ 11 ಕೆಜಿ ಹತ್ತಿರ, ಬಿಸಿಯಲ್ಲಿ ಮೂರನೆಯದು ಎಂಟೂ ಮುಟ್ಟಲಿಲ್ಲ. ನಗು ನಿಂತಿತು.

ಗ್ಯಾಸ್‌ನಲ್ಲಿ ಓಡಿಸಿದರೆ ಎಕ್ಸಾಸ್ಟ್ ವಾಲ್ವ್ ಕೂರುವ ಸೀಟ್ ಬೇಗ ಸವೆಯುತ್ತದೆ, ವಾಲ್ವ್ ಹೆಡ್ಡಿನೊಳಕ್ಕೆ ಸರಿಯುತ್ತದೆ, ಗ್ಯಾಪ್ ತಿಂದುಹೋಗುತ್ತದೆ. ಉಳಿದಷ್ಟನ್ನು ಬಿಸಿಗೆ ಹಿಗ್ಗುವ ಸ್ಟೆಮ್ (ವಾಲ್ವಿನ ಕಡ್ಡಿ) ನುಂಗುತ್ತದೆ. ಕವರ್ ಬಿಚ್ಚಿದಾಗ ಮೂರನೆಯ ಎಕ್ಸಾಸ್ಟ್‌ಗೆ ಗ್ಯಾಪ್ ಅಳೆಯುವ ಅತಿ ತೆಳುವಾದ ಫೀಲರ್ ಎಲೆಯೂ ಹೋಗಲಿಲ್ಲ. ಉಳಿದ ಎಕ್ಸಾಸ್ಟ್‌ಗಳೂ ಬಿಗಿ, ಇನ್‌ಟೇಕ್‌ಗಳು ಸರಿಯಾಗಿದ್ದವು. ರಾತ್ರಿಯೆಲ್ಲ ತಣ್ಣಗಾಗಲು ಬಿಟ್ಟು ಬೆಳಿಗ್ಗೆ ಸೆಟ್ ಮಾಡಿದೆ. ಗ್ಯಾಸ್ ಗಾಡಿಯ ಎಕ್ಸಾಸ್ಟ್‌ಗೆ ಕಂಪನಿ ಅಳತೆಗಿಂತ ಕೂದಲೆಳೆಯಷ್ಟು ಹೆಚ್ಚು ಇಡುತ್ತೇನೆ. ಎಷ್ಟು ಎಂಬುದು ನನ್ನ ಅನ್ನದ ಪ್ರಶ್ನೆ, ಇಲ್ಲಿ ಬರೆಯುವುದಿಲ್ಲ. ಲಾಕ್ ನಟ್ ಬಿಗಿಯುವಾಗ ಸ್ಕ್ರೂ ತಿರುಗದಂತೆ ಹಿಡಿಯುವ ಉಪಾಯವೊಂದಿದೆ, ಅದು ನಮ್ಮ ಹುಡುಗರಿಗೆ ಮಾತ್ರ.

ಗೇಜ್ ಬಿಸಿಯಲ್ಲೂ 16ರಲ್ಲಿ ನಿಂತಿತು. ಎಸಿ, ಹೆಡ್‌ಲೈಟ್, ಫ್ಯಾನ್ ಎಲ್ಲ ಹಾಕಿ ಅರ್ಧ ಗಂಟೆ ಬಿಟ್ಟೆ, ಎಂಜಿನ್ ಮಿಸುಕಲಿಲ್ಲ. ಟ್ಯಾಪೆಟ್ ಕವರ್ ಗ್ಯಾಸ್ಕೆಟ್, ಹೋಸ್, ಕೂಲಿ ಸೇರಿ ಬಿಲ್ಲು ಸಾವಿರದ ಎಂಟುನೂರೋ ಏನೋ. ಅದರಲ್ಲೂ ಇನ್ನೂರು ಚೌಕಾಸಿ ಮಾಡಿದರು, ಮಂಡಿಯವರಲ್ಲವೇ!

ಸೀಟ್ ಸವೆತ ಇದರಿಂದ ನಿಲ್ಲುವುದಿಲ್ಲ, ಹತ್ತು ಸಾವಿರ ಕಿಲೋಮೀಟರಿಗೊಮ್ಮೆ ಗ್ಯಾಪ್ ನೋಡಲೇಬೇಕು. ಮಾವಿನ ಕಾಲ ಮುಗಿದ ಮೇಲೆ ಅದೇ ಕಾರು ಬಂದಾಗ ಮೂರನೆಯದು ಮತ್ತೆ ಸ್ವಲ್ಪ ಬಿಗಿಯಾಗಿತ್ತು, ಐನೂರಕ್ಕೆ ಸರಿಮಾಡಿ ಕಳುಹಿಸಿದೆ. ಶ್ರೀನಿವಾಸಪುರದಿಂದ ಬಂದ ಇನ್ನೊಂದು ಕಾರಿನಲ್ಲಿ ವಾಲ್ವ್ ಅಂಚೇ ಸುಟ್ಟಿತ್ತು. ಅದಕ್ಕೆ ಹೆಡ್ ಇಳಿಸಿ, ಲೇತ್‌ನಲ್ಲಿ ಹೊಸ ಸೀಟ್ ಕೂರಿಸಿ ಖರ್ಚು ಹತ್ತು ಸಾವಿರ ದಾಟಿತು. ಎಣ್ಣೆಯ ಒತ್ತಡದಿಂದ ಗ್ಯಾಪ್ ತಾನೇ ಸರಿಮಾಡಿಕೊಳ್ಳುವ ಹೈಡ್ರಾಲಿಕ್ ಲ್ಯಾಶ್ ಅಡ್ಜಸ್ಟರ್ ಇರುವ ಎಂಜಿನ್‌ಗೆ ಈ ಸೆಟ್ಟಿಂಗ್ ಇಲ್ಲವೇ ಇಲ್ಲ. ಸ್ಕ್ರೂ ಬದಲು ಶಿಮ್ (ಅಳತೆಯ ಲೋಹದ ಬಿಲ್ಲೆ) ಇರುವಂಥದ್ದಾದರೆ ಅಳತೆ ತೆಗೆದುಕೊಟ್ಟು, ಶಿಮ್ ತರಲು ಮಾಲೀಕರನ್ನೇ ಬೆಂಗಳೂರಿಗೆ ಕಳುಹಿಸುತ್ತೇನೆ.