ಎರಡಿಂಚಿಗೆ ಎರಡಿಂಚು ಕೂಡಿದರೆ ನಾಲ್ಕಿಂಚಲ್ಲ

ಕುಷ್ಟಗಿ ಕಡೆ ಬೋರು ಬಿದ್ದರೆ ಮೊದಲು ಕೇಳುವುದು "ಎಷ್ಟ್ ಇಂಚ್ ನೀರು?" ಅಂತ. ಲೀಟರು ಯಾರೂ ಕೇಳುವುದಿಲ್ಲ. ಪಂಪು, ಡ್ರಿಪ್ಪು ಜೋಡಿಸುವ ಕೆಲಸ ಹಿಡಿದ ಹೊಸತರಲ್ಲಿ ನಾನೂ ಕೇಳುತ್ತಿರಲಿಲ್ಲ.

ನಮ್ಮ ಕಾಕಾ ಐದೆಕರೆ ಮಸಾರಿ ಹೊಲದಲ್ಲಿ ದಾಳಿಂಬೆ ಹಚ್ಚಿದ್ದರು. ಬೋರು ಎರಡು, ಒಂದೊಂದರಲ್ಲಿ ಎರಡಿಂಚು ನೀರು. "ನಾಕಿಂಚ್ ಆತಲ್ಲೋ ತಮ್ಮಾ, ಐದೂ ಎಕರೆಕ್ಕ ಒಮ್ಮೆಗೇ ಬಿಟ್ಟಬಿಡು" ಅಂದರು. ಎಷ್ಟು ಇಂಚಿಗೆ ಎಷ್ಟು ಲೀಟರು ಅನ್ನುವ ನನ್ನ ಪಟ್ಟಿಯಲ್ಲಿ ನಾಲ್ಕಿಂಚಿನ ಎದುರು ತಾಸಿಗೆ 16,000 ಲೀಟರಿನ ಮೇಲಿತ್ತು. ಸಾಲಿಗೆ 12 ಅಡಿ, ಗಿಡಕ್ಕೆ 10 ಅಡಿ ಅಂತರವಿಟ್ಟರೆ ಎಕರೆಗೆ 363 ಗಿಡ. ಗಿಡಕ್ಕೆರಡು ಡ್ರಿಪ್ಪರು, ತಾಸಿಗೆ ತಲಾ 4 ಲೀಟರಿನವು. ಐದೆಕರೆಗೆ ತಾಸಿಗೆ 14,500 ಲೀಟರು ಸಾಕು. ಲೆಕ್ಕ ಕೂಡಿಬಂತು, ಒಂದೇ ವಾಲ್ವು ಇಟ್ಟೆ.

ಚಾಲೂ ಮಾಡಿದರೆ ಮೊದಲ ಸಾಲುಗಳು ತೊಟ್ಟಿಕ್ಕಿದವು, ಕೊನೆಯವು ಒಣ. ಎರಡು ದಿನ ಫಿಲ್ಟರು ತೊಳೆದೆ, ಸೋರಿಕೆ ಹುಡುಕಿದೆ. ಕಾಕಾ ಬದುವಿನ ಮೇಲೆ ಕೂತು ನೋಡುತ್ತಿದ್ದರು. ಏನೂ ಅನ್ನಲಿಲ್ಲ, ಅದೇ ಹೆಚ್ಚು ಚುಚ್ಚಿತು. ಕೊನೆಗೆ 200 ಲೀಟರಿನ ಡ್ರಮ್ಮು ತಂದು ಒಂದು ಬೋರಿನ ಪೈಪಿನ ಬಾಯಿಗಿಟ್ಟು ಮೊಬೈಲಿನಲ್ಲಿ ಟೈಮು ಹಿಡಿದೆ. ತುಂಬಲು ನಾಲ್ಕು ನಿಮಿಷದ ಮೇಲಾಯಿತು. ನಾಲ್ಕಿಂಚಿನ ನೀರಾದರೆ ಮುಕ್ಕಾಲು ನಿಮಿಷ ಸಾಕು! ಒಂದು ಬೋರಿಗೆ ತಾಸಿಗೆ ಸುಮಾರು 2,900 ಲೀಟರು, ಎರಡೂ ಸೇರಿ 5,800.

ತಪ್ಪು ನನ್ನದೇ. ಬೋರಿನವರ ಇಂಚು ಪೈಪಿನ ಅಳತೆಯಲ್ಲ. ತಗಡಿನಲ್ಲಿ 'ವಿ' ಆಕಾರಕ್ಕೆ ಕಾಟಕೋನದ (90 ಡಿಗ್ರಿ) ಕಚ್ಚು ಕತ್ತರಿಸಿ, ಅದರಲ್ಲಿ ಹರಿಯುವ ನೀರಿನ ಎತ್ತರ ಹಿಡಿಯುತ್ತಾರೆ. ಎತ್ತರ ಇಮ್ಮಡಿಯಾದರೆ ಅಗಲವೂ ಇಮ್ಮಡಿ, ಅಲ್ಲಿಗೇ ನಾಲ್ಕು ಪಟ್ಟು. ಮೇಲೆ ವೇಗವೂ ಏರುತ್ತದೆ. ಒಟ್ಟು ಐದೂವರೆ ಪಟ್ಟಿಗಿಂತ ಹೆಚ್ಚು. ಅದಕ್ಕೇ ಇಂಚನ್ನು ಕೂಡಿಸಬಾರದು, ಮೊದಲು ಲೀಟರಿಗೆ ತಂದು ಕೂಡಿಸಬೇಕು. ನಮ್ಮ ಎರಡು ಬೋರು ಸೇರಿದರೆ ಸುಮಾರು 2.6 ಇಂಚು ಅಷ್ಟೇ. "ಎರಡಕ್ಕ ಎರಡು ಕೂಡಿದ್ರ ಎರಡೂವರಿ ಅಂತಿಯಲ್ಲೋ, ನಿಮ್ಮ ಮಾಸ್ತರು ಕೇಳಿದ್ರ ಏನಂದಾರು?" ಅಂತ ಕಾಕಾ ನಕ್ಕರು.

ಪಂಪಿನ ಲೆಕ್ಕ ಮಾತ್ರ ಆಗಲೂ ಸರಿ ಇತ್ತು, ಅದನ್ನು ಒಂದೊಂದು ಬೋರಿಗೆ ಬೇರೆಯಾಗಿಯೇ ಹಾಕಿದ್ದೆ. ನೀರು 400 ಅಡಿಯಲ್ಲಿ, ಅಂದರೆ 122 ಮೀಟರ್. ತಾಸಿಗೆ 2,900 ಲೀಟರು ಅಂದರೆ ಸೆಕೆಂಡಿಗೆ 0.8 ಕಿಲೋ ನೀರು. ಅದನ್ನು ಅಷ್ಟು ಎತ್ತಲು 0.8 × 9.8 × 122, ಸುಮಾರು 960 ವಾಟ್. 746ರಿಂದ ಭಾಗಿಸಿದರೆ 1.3 ಎಚ್‌ಪಿ. ಪಂಪಿನ ದಕ್ಷತೆ ಅರ್ಧ ಅಂತ ಹಿಡಿದು 3 ಎಚ್‌ಪಿ ಇಳಿಸಿದ್ದೆ. ಮೋಟಾರಿನ ಪ್ಲೇಟಿನ ಎಚ್‌ಪಿ ಶಾಫ್ಟಿನಲ್ಲಿ ಸಿಗುವ ಶಕ್ತಿ, ಲೈನಿನಿಂದ ಎಳೆಯುವುದು ಅದಕ್ಕಿಂತ ಹೆಚ್ಚು. ಇಲ್ಲಿ ಒಂದು ಪಂಪಿಗೆ ತಾಸಿಗೆ ಸುಮಾರು ಎರಡೂವರೆ ಯೂನಿಟ್ ಹೋಗುತ್ತದೆ. ನಮ್ಮಲ್ಲಿ 10 ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಕರೆಂಟು ಉಚಿತ, ಹಾಗಾಗಿ ಯಾರೂ ಕೇಳುವುದಿಲ್ಲ. ಜನರೇಟರು ಕೊಳ್ಳುವಾಗ ಬಿಸಿ ತಟ್ಟುತ್ತದೆ.

ಹೊಲವನ್ನು ಎರಡು, ಎರಡು, ಒಂದು ಎಕರೆಯಂತೆ ಮೂರು ವಾಲ್ವಿಗೆ ಸೀಳಿದೆ. ಹೆಚ್ಚಿನ ಪೈಪು, ವಾಲ್ವಿನ ಖರ್ಚು ನಾನೇ ಹಾಕಿಕೊಂಡೆ. ಕಾಕಾನ ಡ್ರಮ್ಮು ಇನ್ನೂ ನನ್ನ ಗಾಡಿಯಲ್ಲೇ ಇದೆ, ಅವರೂ ವಾಪಸ್ ಕೇಳಿಲ್ಲ.